ಮಾತು ಬಿಟ್ಟ ಮನೆ

ಮನೆ ಮಾರಿದವರು ಬೀಗದ ಕೈ ಕೊಡುವಾಗ ಹಿತ್ತಿಲ ನಲ್ಲಿಯನ್ನು ಎಡಕ್ಕೆ ತಿರುಗಿಸಬೇಕು, ಮಳೆಗಾಲದಲ್ಲಿ ದೇವರ ಕೋಣೆಯ ಬಾಗಿಲು ಉಬ್ಬುತ್ತದೆ, ಎದುರುಮನೆಯವರ ಜೊತೆ ಮಾತಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ನಲ್ಲಿಯ ವಿಷಯವನ್ನು ಇನ್ನೊಂದು ಸಲ ಕೇಳಿ ತಿಳಿದುಕೊಂಡೆ. ಎದುರುಮನೆಯ ವಿಷಯ ಕೇಳಲಿಲ್ಲ. ಅದು ಅವರ ಜಗಳ, ಮನೆ ಖಾಲಿ ಮಾಡುವಾಗ ಪಾತ್ರೆಪಡಗದ ಜೊತೆ ಅದನ್ನೂ ಕಟ್ಟಿಕೊಂಡು ಹೋಗುತ್ತಾರೆ ಎಂದುಕೊಂಡೆ.

ಗೇಟಿನವರೆಗೆ ಹೋದವರು ಏನೋ ನೆನಪಾದಂತೆ ತಿರುಗಿ ಬಂದು, "ಆ ಜಗಳ ನಮ್ಮದಲ್ಲ ಸಾರ್, ಮನೇದು," ಎಂದರು. "ನಾವು ಕೊಂಡ್ಕೊಂಡಾಗಲೇ ಇತ್ತು. ಯಾತಕ್ಕೆ ಅಂತ ನಮಗೂ ಗೊತ್ತಿಲ್ಲ. ಇದುವರೆಗೂ ಚೆನ್ನಾಗಿ ನೋಡ್ಕೊಂಡು ಬಂದಿದೀವಿ."

ನಿವೃತ್ತನಾದ ಮೇಲೆ ನನಗೆ ಬೇಕಾಗಿದ್ದದ್ದು ಸದ್ದಿಲ್ಲದ ಜಾಗ. ಮದುವೆಯಾದಂದಿನಿಂದ ನಾವಿದ್ದದ್ದು ಹಳೇ ಪೇಟೆಯ ಕಂಚುಗಾರರ ಬೀದಿಯಲ್ಲಿ, ಕೊಡ ಬಡಿಯುವ ಅಂಗಡಿಯ ಮೇಲಿನ ಮನೆಯಲ್ಲಿ. ಕೆಲಸ ನಗರದ ದೊಡ್ಡ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ. ಮೈಕಿನಲ್ಲಿ ಬಸ್ಸುಗಳನ್ನು ಕೂಗುತ್ತಿದ್ದೆ, ಉಳಿದ ಹೊತ್ತು ಜನರಿಂದ ಬೈಸಿಕೊಳ್ಳುತ್ತಿದ್ದೆ. ಬಸ್ಸು ತಡವಾದರೆ ಡ್ರೈವರನ್ನು ಯಾರೂ ಬೈಯುವುದಿಲ್ಲ, ಅವನ ಕೈಯಲ್ಲಿ ಸ್ಟೀರಿಂಗ್ ಇರುತ್ತದೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಇಡೀ ಸರ್ವಿಸಿನಲ್ಲಿ ಒಬ್ಬರಿಗೂ ತಿರುಗಿ ಒಂದು ಮಾತು ಅಂದವನಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಮಾತು ಎಷ್ಟು ಗೊತ್ತಿತ್ತೋ ಕಾಣೆ, ಜಗಳವಂತೂ ಗೊತ್ತಿರಲಿಲ್ಲ. ಮುಂದೆ ಅದೇ ದೊಡ್ಡ ತೊಂದರೆಯಾಯಿತು.

ಈ ಬಡಾವಣೆ ನಿಜಕ್ಕೂ ನಿಶ್ಶಬ್ದವಾದದ್ದು. ಬೀದಿಯ ಎರಡೂ ಕಡೆ ಹೊಂಗೆ ಮರಗಳು, ಪಾಚಿ ಹಿಡಿದ ಕಾಂಪೌಂಡುಗಳು, ಗೇಟಿನ ಮೇಲೆ ತೀರಿಹೋದ ಯಜಮಾನರ ಹೆಸರುಗಳು. ಇಲ್ಲಿನ ನಾಯಿಗಳು ಬೊಗಳುವ ಮೊದಲು ಒಂದು ಕ್ಷಣ ಯೋಚಿಸುತ್ತವೆ. ಪ್ರತಿ ಮನೆಗೂ ಮಾತು ಬಿಟ್ಟ ಒಂದು ಮನೆ ಇದೆ ಎಂಬುದು ಬಂದ ಕೆಲವೇ ದಿನಗಳಲ್ಲಿ ತಿಳಿಯಿತು. ಮೂಲೆಮನೆಗೆ ಡಾಕ್ಟರ ಮನೆ, ಡಾಕ್ಟರ ಪಕ್ಕದವರಿಗೆ ಹಿಂದಿನ ಬೀದಿಯ ಹಸಿರು ಗೇಟಿನ ಮನೆ. ಸತ್ಯನಾರಾಯಣ ಪೂಜೆ ಮಾಡಿದವರು ಎಲ್ಲ ಮನೆಗೂ ಪ್ರಸಾದ ಕಳಿಸುತ್ತಾರೆ, ಒಂದು ಮನೆ ಬಿಟ್ಟು. ಅದರಲ್ಲಿ ಯಾರಿಗೂ ಬೇಜಾರಿಲ್ಲ. ಡಾಕ್ಟರ ಮಗಳ ಮದುವೆ ಮೂಲೆಮನೆಯ ಹುಡುಗನ ಜೊತೆ ಗೊತ್ತಾದಾಗ ಮಾತ್ರ ಸ್ವಲ್ಪ ಗೊಂದಲವಾಯಿತಂತೆ. ಕೊನೆಗೆ ಹುಡುಗನನ್ನು ಅವನ ಚಿಕ್ಕಪ್ಪನ ಮನೆಯಿಂದ ಹೊರಡಿಸಿದರಂತೆ.

ನಮ್ಮ ಎದುರುಮನೆಯಲ್ಲಿದ್ದವರು ಧರಣೇಂದ್ರಯ್ಯ ಮತ್ತು ಅವರ ಪತ್ನಿ ಪದ್ಮಾವತಮ್ಮ, ಜೈನರು. ಧರಣೇಂದ್ರಯ್ಯ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ಮಾಡಿ ಅವರ ನಡಿಗೆಯೇ ಎರಡೂ ಕಡೆ ಸಮತೂಕವಾಗಿತ್ತು. ಬೆಳಿಗ್ಗೆ ನಾನು ಹಾಲು ತೆಗೆದುಕೊಳ್ಳಲು ಗೇಟಿಗೆ ಬಂದಾಗ ಅವರೂ ಬರುತ್ತಿದ್ದರು. ನಾನು ಹೊಂಗೆ ಮರವನ್ನು ನೋಡುತ್ತಿದ್ದೆ, ಅವರು ಕರೆಂಟ್ ಕಂಬವನ್ನು ನೋಡುತ್ತಿದ್ದರು. ನನಗೆ ಇದು ಹಿಡಿಸಿತು. ಗುಡ್ ಮಾರ್ನಿಂಗ್ ಹೇಳುವ ಕೆಲಸವೂ ಇಲ್ಲ.

ಹಿಡಿಸದೇ ಹೋದದ್ದು ನನ್ನ ಹೆಂಡತಿ ಸರ್ವಮಂಗಳನಿಗೆ. ಕಂಚುಗಾರರ ಬೀದಿಯಲ್ಲಿ ಸುತ್ತಿಗೆಯ ಸದ್ದಿನ ಮೇಲೆ ಮಾತಾಡಿ ಅವಳ ಗಂಟಲು ಆ ಅಳತೆಗೆ ಒಗ್ಗಿಹೋಗಿತ್ತು. ಅಲ್ಲಿ ಕಿಟಕಿಯಿಂದ ಕಿಟಕಿಗೆ ಸಾರಿನ ಪುಡಿಯ ವಿಚಾರದಿಂದ ಹಿಡಿದು ಸೊಸೆಯ ವಿಚಾರದವರೆಗೆ ಎಲ್ಲ ನಡೆಯುತ್ತಿತ್ತು. ಇಲ್ಲಿ ಅವಳು ತರಕಾರಿ ಗಾಡಿಯವನ ಜೊತೆ ಮಾತಾಡಿದಳು, ಸಿಲಿಂಡರಿನವನ ಜೊತೆ ಮಾತಾಡಿದಳು. ಸಿಲಿಂಡರಿನವನು ಆಮೇಲಾಮೇಲೆ ಗೇಟಿನ ಬಳಿಯೇ ಇಟ್ಟು ಓಡತೊಡಗಿದ. ಉಳಿದದ್ದೆಲ್ಲ ನನ್ನ ಪಾಲಿಗೆ ಬಂತು. ಅಡಿಗೆಮನೆಯಿಂದ ಶುರುವಾದ ಮಾತು ನಡುಮನೆಗೆ ಬಂದು ನನ್ನ ಪೇಪರಿನ ಮೇಲೆ ಹಾದು ಹಿತ್ತಿಲಿಗೆ ಹೋಗುತ್ತಿತ್ತು. ನಾನು ಹೂಂಗುಟ್ಟುತ್ತಿದ್ದೆ. ಹೂಂ ಎನ್ನುವುದು ತಪ್ಪಿದರೆ, "ರೀ, ಕೇಳ್ತಾ ಇದೀರಾ?" ಎನ್ನುವಳು. "ಕೇಳ್ತಾ ಇದೀನಿ," ಎನ್ನುತ್ತಿದ್ದೆ. ಅರ್ಧ ಕೇಳುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಬಿಸಿಲಿದ್ದ ಹಾಗೆಯೇ ಹನಿ ಹಾಕಿತು. ಎದುರುಮನೆಯ ತಾರಸಿಯ ಮೇಲೆ ಹಳೇ ಸೀರೆ ಹಾಸಿ ಉದ್ದಿನ ಹಪ್ಪಳ ಒಣಹಾಕಿದ್ದರು. ಕಂಚುಗಾರರ ಬೀದಿಯಲ್ಲಿ ಹಪ್ಪಳಕ್ಕೆ ಮನೆಯ ನಂಬರು ಇರುತ್ತಿರಲಿಲ್ಲ, ಮೊದಲು ಕಂಡವರು ಕೂಗಬೇಕು. ಸರ್ವಮಂಗಳ ಕಿಟಕಿಗೆ ಮುಖವಿಟ್ಟು ಸುತ್ತಿಗೆ ಸದ್ದನ್ನು ಮೀರಿಸುವ ಗಂಟಲಿನಲ್ಲಿ, "ಪದ್ಮಾವತಮ್ಮಾ, ಹಪ್ಪಳ ನೆನೀತಾ ಇದೆ," ಎಂದಳು. ಬೀದಿಯ ಉದ್ದಕ್ಕೂ ಕಿಟಕಿಗಳು ತೆರೆದುಕೊಂಡವು. ಎದುರಿನಿಂದ, "ಅಯ್ಯೋ, ಬಂದೆ ಬಂದೆ," ಎಂಬ ಉತ್ತರ ಬಂತು. ಪದ್ಮಾವತಮ್ಮ ಯೋಚಿಸಿ ಹೇಳಿದ್ದಲ್ಲ. ಹಪ್ಪಳದ ವಿಷಯದಲ್ಲಿ ಯಾರೂ ಯೋಚಿಸುವುದಿಲ್ಲ. ಆಮೇಲೆ ಇಬ್ಬರೂ ಸೇರಿ ಸೀರೆಯ ನಾಲ್ಕು ಮೂಲೆ ಹಿಡಿದು ಒಳಗೆ ತಂದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದುಕೊಂಡು ನಾನು ಪೇಪರಿಗೆ ಮರಳಿದೆ. ಸಂಜೆಯವರೆಗೂ ಅವರ ಮನೆಯಿಂದ ಇಬ್ಬರ ನಗು ಕೇಳುತ್ತಿತ್ತು.

ಅವಳು ಮನೆಗೆ ಬಂದಾಗ, "ಹಪ್ಪಳ ಉಳೀತಾ?" ಎಂದು ಕೇಳಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಅವಳೂ ಏನೋ ಹೇಳಲು ಬಾಯಿ ತೆರೆದಳು, ಅವಳಿಗೂ ಹೊರಡಲಿಲ್ಲ. ಇಬ್ಬರೂ ಕೆಮ್ಮಿದೆವು. ಕೆಮ್ಮು ಬಂತು. ಮರುದಿನ ಹಾಲಿನವನ ಜೊತೆ ಅವಳು ಸರಾಗವಾಗಿ ಮಾತಾಡಿದಳು, ನಾನು ಪೇಪರಿನ ಹುಡುಗನ ಜೊತೆ ಸರಾಗವಾಗಿ ಮಾತಾಡಿದೆ. ಒಬ್ಬರ ಕಡೆಗೊಬ್ಬರು ತಿರುಗಿದರೆ ಮಾತ್ರ ಗಂಟಲಿನಲ್ಲಿ ಏನೂ ಇರುತ್ತಿರಲಿಲ್ಲ. ಬಸ್ಸು ಹತ್ತಿ ಕಂಚುಗಾರರ ಬೀದಿಯಲ್ಲಿದ್ದ ಅವಳ ತಮ್ಮನ ಮನೆಗೆ ಹೋಗಿ ಕೂತು ನೋಡಿದೆವು. ಅಲ್ಲೂ ಇಲ್ಲ. ಅವಳ ತಮ್ಮ ನಾವು ಜಗಳವಾಡಿಕೊಂಡಿದ್ದೇವೆ ಎಂದು ತಿಳಿದು ನನಗೆ ಬುದ್ಧಿ ಹೇಳಿ ಕಳಿಸಿದ.

ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು ಕೃಷ್ಣೋಜಿರಾವ್ ಎಂಬ ಹಿರಿಯರು. ನಾನು ಹೋಗಿ ಹೇಳಿಕೊಂಡಾಗ ಅವರು ಒಳಚರಂಡಿಯ ದೂರು ಕೇಳಿದಷ್ಟೇ ಸಮಾಧಾನವಾಗಿ ಕೇಳಿದರು.

"ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತ ಹಿರಿಯರು ಸುಮ್ನೆ ಹೇಳಿದಾರಾ?" ಎಂದರು. "ನೋಡಿ ಆರಾಧ್ಯರೇ, ಹೊರಗೆ ನಾವಾಗಿ ಒಬ್ಬರ ಜೊತೆ ಮಾತು ಬಿಟ್ಟಿದ್ರೆ ಒಳಗೆ ಮಾತು ಇರ್ತದೆ. ಹೊರಗೆ ಬಿಡಲಿಲ್ಲ ಅಂದ್ರೆ ಒಳಗೆ ತಾನಾಗೇ ಬಿಟ್ಟುಹೋಗ್ತದೆ. ಬಡಾವಣೆ ಆದಾಗಿಂದ ಹಾಗೇ ಇದೆ."

"ಬೇರೆ ಯಾರ ಜೊತೆಯಾದ್ರೂ ಬಿಡ್ತೀನಿ. ಯಾವುದಾದ್ರೂ ಮನೆ ಕೊಡಿ," ಎಂದೆ.

"ಎಲ್ಲಾ ಭರ್ತಿ. ಕೊನೇ ಬೀದೀಲಿ ಒಂದು ಸೈಟು ಖಾಲಿ ಇದೆ. ಯಾರಾದ್ರೂ ಕಟ್ಟಿ ಬಂದ್ರೆ ನೋಡೋಣ." ಅವರು ಕನ್ನಡಕ ತೆಗೆದು ಒರೆಸಿದರು. "ಮನೆಯವರೆಲ್ಲ ಬಿಡಬೇಕು ಅಂತೇನಿಲ್ಲ, ಒಬ್ಬರು ಬಿಟ್ರೂ ಸಾಕು. ಆದ್ರೆ ಗುರುತಿಲ್ಲದವರ ಜೊತೆ ಬಿಡೋದು ಸುಲಭ, ಸುಮ್ನಿದ್ರೆ ಆಯ್ತು. ಮನೆ ಮನೆಗೆ ಒಮ್ಮೆ ಬಳಕೆ ಆದಮೇಲೆ ಸುಮ್ನಿದ್ರೆ ಸಾಲದು, ಒಬ್ಬರಾದ್ರೂ ನಿಜವಾಗ್ಲೂ ಮುರೀಬೇಕು. ನಾಟಕ ನಡೆಯಲ್ಲ."

ವಾಪಸು ಬರುವಾಗ ಬೀದಿಯ ಕೊನೆಯ ಮೋರಿಕಟ್ಟೆಯ ಮೇಲೆ ಧರಣೇಂದ್ರಯ್ಯ ಕೂತಿದ್ದರು. ನಾನು ಅಭ್ಯಾಸಬಲದಿಂದ ಹೊಂಗೆ ಮರ ನೋಡಿದೆ. ಅವರು, "ಇನ್ನು ಮರ ನೋಡಿ ಏನು ಪ್ರಯೋಜನ, ಬನ್ನಿ ಕೂತ್ಕೊಳ್ಳಿ," ಎಂದರು. ಅವರ ಧ್ವನಿ ಕೇಳಿದ್ದು ಅದೇ ಮೊದಲು.

"ನಿಮ್ಮಲ್ಲೂ?" ಎಂದೆ.

"ನಮ್ಮಲ್ಲೂ. ನಿನ್ನೆ ಸಂಜೆ ಊಟಕ್ಕೆ ತಟ್ಟೆ ಬಡಿದು ಕರೆದ್ರು."

ಹಾಗೆ ನಮ್ಮ ಗೆಳೆತನ ಶುರುವಾಯಿತು. ಅವರ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯುತ್ತಿತ್ತು. ಕೈ ತೊಳೆದುಕೊಂಡು ನೇರ ಮೋರಿಕಟ್ಟೆಗೆ ಬರುತ್ತಿದ್ದರು. ನಾನು ಮೊದಲೇ ಬಂದು ಕಟ್ಟೆಯ ಮೇಲೆ ಟವೆಲ್ ಹಾಸಿಟ್ಟಿರುತ್ತಿದ್ದೆ. ಧರಣೇಂದ್ರಯ್ಯ ಸುಳ್ಳು ಹೇಳದ ಮನುಷ್ಯ. ಹೇಳಬಾರದೆಂದಲ್ಲ, ಬರುತ್ತಿರಲಿಲ್ಲ. ಚೆನ್ನಾಗಿದ್ದೀರಾ ಎಂದರೆ ಒಂದು ಕ್ಷಣ ತೂಗಿ ನೋಡಿ, "ಮೊಣಕಾಲು ಬಿಟ್ರೆ ಚೆನ್ನಾಗಿದೀನಿ," ಎನ್ನುತ್ತಿದ್ದರು. ನನ್ನ ಇಡೀ ಜೀವನದಲ್ಲಿ ಕಿಟಕಿಯ ಆಚೆ ನಿಂತವರು ಬಹಳ ಮಂದಿ ಇದ್ದರು, ಪಕ್ಕದಲ್ಲಿ ಕೂತವರು ಇರಲಿಲ್ಲ. ಈ ವಯಸ್ಸಿನಲ್ಲಿ ನನಗೊಬ್ಬ ಸ್ನೇಹಿತ ಸಿಕ್ಕಿದ. ಸಂಜೆಯಾಗುವುದನ್ನೇ ಕಾಯುತ್ತಿದ್ದೆ.

ಒಂದು ಸಂಜೆ ಅವರಿಗೆ ಯಾರಿಗೂ ಹೇಳದಿದ್ದ ವಿಷಯ ಹೇಳಿದೆ. ವಿಚಾರಣೆ ಕಿಟಕಿಯಲ್ಲಿ ನನಗೆ ಒಂದೇ ಒಂದು ಹೆಮ್ಮೆಯಿತ್ತು, ನನ್ನ ಧ್ವನಿ. ಮೈಕು ಹಿಡಿದು ಬಸ್ಸು ಕೂಗಿದರೆ ಜನ ಗಂಟುಮೂಟೆ ಕೆಳಗಿಟ್ಟು ನಿಂತು ಕೇಳುತ್ತಿದ್ದರು. ಬೈದವರೂ ನಿಲ್ಲುತ್ತಿದ್ದರು. ಗಾಜಿನ ಈಚೆಯಿಂದ ನಾನದನ್ನು ನೋಡುತ್ತಿದ್ದೆ.

"ಒಂದು ಕೂಗಿ ನೋಡೋಣ," ಎಂದರು ಧರಣೇಂದ್ರಯ್ಯ.

ನಾನು ಗಂಟಲು ಸರಿಮಾಡಿಕೊಂಡು, "ಪ್ರಯಾಣಿಕರ ಗಮನಕ್ಕೆ. ಎಳನೀರುಹಳ್ಳಿ, ಮಂಟಪದಕೊಪ್ಪಲು ಮಾರ್ಗವಾಗಿ ಜೋಡಿಕೆರೆಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ಹೊರಡಲು ಸಿದ್ಧವಾಗಿದೆ," ಎಂದೆ. ಅವರು ಕಣ್ಣು ಮುಚ್ಚಿ ಕೇಳಿದರು. ಅಲ್ಲಿಂದ ಮುಂದೆ ಪ್ರತಿ ಸಂಜೆ, "ಇವತ್ತು ಯಾವ ಬಸ್ಸು?" ಎಂದು ಕೇಳುತ್ತಿದ್ದರು. ನಾನು ಕೂಗುತ್ತಿದ್ದೆ.

ಮನೆಯಲ್ಲಿ ಮಾತ್ರ ನಾನು ಬೇಡಿಕೊಂಡು ಬಂದ ನಿಶ್ಶಬ್ದ ಪೂರಾ ಸಿಕ್ಕಿತ್ತು. ಗಡಿಯಾರದ ಸದ್ದು ಕೇಳುತ್ತಿತ್ತು. ಕಾಫಿ ಬೇಕೆಂದರೆ ಚೀಟಿ ಬರೆದು ತೋರಿಸಬಹುದಿತ್ತು, ಅವಳು ಓದಿ ತಂದು ಕೊಡುತ್ತಿದ್ದಳು. ಆದರೆ ಅವಳು ತನ್ನಷ್ಟಕ್ಕೆ ನಗುತ್ತ ಕೊತ್ತಂಬರಿ ಬಿಡಿಸುವಾಗ ಯಾಕೆ ನಗುತ್ತಿದ್ದೀಯ ಎಂದು ಚೀಟಿಯಲ್ಲಿ ಕೇಳಲು ಬರುವುದಿಲ್ಲ. ಬರೆಯುವಷ್ಟರಲ್ಲಿ ನಗು ಮುಗಿದಿರುತ್ತದೆ. ಪೇಪರಿನ ಎಲ್ಲ ಪುಟಗಳನ್ನೂ ಓದಿ ಮುಗಿಸುತ್ತಿದ್ದೆ, ಟೆಂಡರು ಪ್ರಕಟಣೆ ಸಹಿತ. ಅಭ್ಯಾಸಬಲದಿಂದ ನಡುನಡುವೆ ಹೂಂ ಎನ್ನುತ್ತಿದ್ದೆ. ಅದೊಂದು ಬರುತ್ತಿತ್ತು, ಯಾಕೆಂದರೆ ಯಾರಿಗೂ ಹೇಳಿದ್ದಲ್ಲ.

ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಿಟ್ಟಿರಬೇಕೆಂದುಕೊಂಡೆ. ಮೂರನೆಯ ದಿನ ಪದ್ಮಾವತಮ್ಮ ಗೇಟಿನ ಹತ್ತಿರ ನಿಂತು ನನ್ನನ್ನು ಕರೆದರು.

"ಅಣ್ಣಾವ್ರೇ, ಸರ್ವಮಂಗಳಮ್ಮನಿಗೆ ಬಲಗಡೆ ದವಡೆ ಹಲ್ಲು ವಿಪರೀತ ನೋವಂತೆ. ರಾತ್ರಿಯೆಲ್ಲ ಲವಂಗ ಕಚ್ಚಿಕೊಂಡು ಕೂತಿದ್ರಂತೆ. ನಿಮಗೆ ಹೇಳೋದು ಹ್ಯಾಗೆ ಅಂತ ನಂಗೆ ಹೇಳಿದ್ರು."

ನನ್ನ ಹೆಂಡತಿಯ ಹಲ್ಲುನೋವು ನನಗೆ ತಿಳಿದದ್ದು ಎದುರುಮನೆಯಿಂದ. ಅದೇ ಮಂಚದ ಈಚೆ ಬದಿಯಲ್ಲಿ ನಾನು ನಿದ್ದೆ ಮಾಡಿದ್ದೆ. ಅವಳನ್ನು ದಂತವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಎಲ್ಲಿ ನೋವು ಎಂದು ಅವರು ಕೇಳಿದರು, ಅವಳು ಅವರಿಗೆ ಹೇಳಿದಳು. ನಾನು ಪಕ್ಕದಲ್ಲಿ ಕೂತು ಅವಳ ಧ್ವನಿ ಕೇಳಿದೆ. ಬೇರೆಯವರಿಗೆ ಹೇಳುತ್ತಿದ್ದ ಮಾತನ್ನು ಅಷ್ಟು ಆಸೆಯಿಂದ ನಾನು ಎಂದೂ ಕೇಳಿರಲಿಲ್ಲ. ನನಗೆ ಅಳು ಬಂತು. ವೈದ್ಯರು ಹಲ್ಲು ಕೀಳುವುದು ಯಾರಿಗೆ ಎಂದು ಇನ್ನೊಮ್ಮೆ ವಿಚಾರಿಸಿದರು.

ಆ ಸಂಜೆ ಮೋರಿಕಟ್ಟೆಯಲ್ಲಿ, "ನಾವಿಬ್ಬರೂ ಜಗಳ ಆಡೋಣ," ಎಂದೆ. ಮಹಿಳೆಯರು ಮಾತು ಬಿಡುವ ಸ್ಥಿತಿಯಲ್ಲಿರಲಿಲ್ಲ, ಸಂಡಿಗೆಯ ಕಾಲ ಬಂದಿತ್ತು. ಧರಣೇಂದ್ರಯ್ಯ ಒಪ್ಪಿದರು. ಅವರಿಗೂ ಪದ್ಮಾವತಮ್ಮನ ಮಾತಿಲ್ಲದೆ ಅನ್ನ ರುಚಿಸುತ್ತಿರಲಿಲ್ಲ. ಮೊದಲು ಅವರ ಹೊಂಗೆ ಎಲೆ ನಮ್ಮ ಗೇಟಿಗೆ ಬೀಳುತ್ತದೆ ಎಂದು ಶುರು ಮಾಡಿದೆ. ಅವರು ನಿಜ ಎಂದು ಒಪ್ಪಿಕೊಂಡು ಮರುದಿನ ಬಂದು ಗುಡಿಸಿದರು. ನಾನು ಸರ್ವಿಸಿನಲ್ಲಿ ಕೇಳಿಸಿಕೊಂಡ ಬೈಗುಳಗಳನ್ನೇ ನೆನಪು ಮಾಡಿಕೊಂಡು, "ನಿನ್ನಂಥವನನ್ನ ಯಾರಯ್ಯ ಕೆಲಸಕ್ಕೆ ತಗೊಂಡಿದ್ದು?" ಎಂದೆ.

"ಲೋಕಸೇವಾ ಆಯೋಗ," ಎಂದರು ಅವರು. ಆಮೇಲೆ ಇಬ್ಬರಿಗೂ ನಗು ಬಂತು. ಮನೆಗೆ ಹೋಗಿ ಸರ್ವಮಂಗಳನ ಮುಂದೆ ಬಾಯಿ ತೆರೆದು ನೋಡಿದೆ. ಇಲ್ಲ. ಅಧ್ಯಕ್ಷರು ಹೇಳಿದ್ದು ಸರಿಯಾಗಿತ್ತು, ನಾಟಕ ನಡೆಯುತ್ತಿರಲಿಲ್ಲ. ಕೆಲವು ದಿನ ಹೀಗೇ ಪ್ರಯತ್ನಿಸಿದೆವು. ಜಗಳವಾಡಲು ಕೂತು ಕೂತು ಇನ್ನಷ್ಟು ಹತ್ತಿರವಾದೆವು.

ಸರ್ವಮಂಗಳ ಒಂದು ಬೆಳಿಗ್ಗೆ ತನ್ನ ಹಿತ್ತಾಳೆ ಪಾತ್ರೆಗಳನ್ನು ಹಳೇ ಪಂಚೆಯಲ್ಲಿ ಕಟ್ಟತೊಡಗಿದಳು. ಎಲ್ಲಿಗೆಂದು ನಾನು ಕೇಳಲಾರೆ. ಪದ್ಮಾವತಮ್ಮನಿಂದ ತಿಳಿಯಿತು. ತಮ್ಮನ ಮನೆಗೆ ಹೋಗಿ ಇರುತ್ತಾಳಂತೆ. ಅಲ್ಲಿಯೂ ನನ್ನ ಜೊತೆ ಮಾತಾಡಲಾಗುವುದಿಲ್ಲ, ಆದರೆ ಎದುರಿಗೆ ನಾನಿರುವುದಿಲ್ಲವಲ್ಲ, ಅಷ್ಟು ಕಷ್ಟವಾಗದು ಎಂದಳಂತೆ. ಅವತ್ತು ಸಂಜೆ ನಾನು ಮೋರಿಕಟ್ಟೆಯಲ್ಲಿ ಇದನ್ನು ಹೇಳಿದೆ. ಧರಣೇಂದ್ರಯ್ಯ ಮೊಣಕಾಲು ನೀವಿಕೊಂಡರು. ಆಮೇಲೆ ಎಂದಿನಂತೆ, "ಇವತ್ತು ಯಾವ ಬಸ್ಸು?" ಎಂದರು.

ನನಗೆ ಮನಸ್ಸಿರಲಿಲ್ಲ. ಆದರೂ ಸ್ನೇಹಿತ ಕೇಳಿದನೆಂದು ಜೋಡಿಕೆರೆಯ ಕೊನೆಯ ಬಸ್ಸನ್ನು ಕೂಗಿದೆ. ಅಷ್ಟು ಚೆನ್ನಾಗಿ ನಾನು ಮೈಕಿನಲ್ಲಿಯೂ ಎಂದೂ ಕೂಗಿರಲಿಲ್ಲ.

ಅವರು ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವವರಂತೆ ನೆಲ ನೋಡುತ್ತಿದ್ದರು. "ಆರಾಧ್ಯರೇ, ನಾನು ಆ ಬಸ್‌ಸ್ಟ್ಯಾಂಡಿಂದ ಬಹಳ ವರ್ಷ ಓಡಾಡಿದೀನಿ," ಎಂದರು. "ನಿಮ್ಮ ಧ್ವನಿ ನಂಗೆ ಆಗಲೇ ಗೊತ್ತು. ಜನ ನಿಂತು ಕೇಳ್ತಿದ್ದದ್ದು ಚೆನ್ನಾಗಿದೆ ಅಂತ ಅಲ್ಲ. ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಇನ್ನೊಂದು ಸಲ ಹೇಳ್ತಾನೇನೋ ಅಂತ ನಿಲ್ತಿದ್ರು. ನಾನೂ ನಿಂತಿದೀನಿ. ನಿಮ್ಮಿಂದ ಬಸ್ಸು ತಪ್ಪಿಸ್ಕೊಂಡಿದೀನಿ."

ನಾನು ನಗಲು ನೋಡಿದೆ. ಅವರು ನಗಲಿಲ್ಲ. ಗಾಜಿನ ಆಚೆ ಗಂಟು ಕೆಳಗಿಟ್ಟು ನಿಂತ ಜನರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು, ಹುಬ್ಬು ಗಂಟಿಕ್ಕಿಕೊಂಡ ಮುಖಗಳು. ಹೌದು, ಹುಬ್ಬು ಗಂಟಿಕ್ಕಿಕೊಂಡೇ ಕೇಳುತ್ತಿದ್ದರು. ಎಷ್ಟು ವರ್ಷ ಅದನ್ನು ಭಕ್ತಿಯೆಂದು ತಿಳಿದಿದ್ದೆ. ಎದ್ದು ಟವೆಲ್ ಎಳೆದುಕೊಂಡೆ, ಅವರು ಅದರ ಮೇಲೆ ಕೂತಿದ್ದರು, ಪೂರ್ತಿ ಬರಲಿಲ್ಲ. "ನಿಮ್ಮ ತಕ್ಕಡಿಗೆ ಬೆಂಕಿ ಹಾಕ," ಎಂದೆ. ಜೀವಮಾನದಲ್ಲಿ ನಾನು ತಿರುಗಿ ಬೈದದ್ದು ಅದೊಂದೇ. ಇನ್ನು ಇವರ ಮುಖ ನೋಡಬಾರದು ಎಂದುಕೊಂಡು ಟವೆಲ್ ಅಲ್ಲೇ ಬಿಟ್ಟು ಬಂದೆ.

ಬಾಗಿಲಲ್ಲಿ ಸರ್ವಮಂಗಳ ಪಾತ್ರೆಯ ಗಂಟಿನ ಪಕ್ಕ ನಿಂತಿದ್ದಳು. ನನ್ನನ್ನು ನೋಡಿ, "ಯಾಕ್ರೀ, ಮುಖ ಹಿಂಗಾಗಿದೆ?" ಎಂದಳು.

ಇಬ್ಬರೂ ಹಾಗೇ ನಿಂತೆವು. ಆಮೇಲೆ ಅವಳು ಶುರು ಮಾಡಿದಳು. ಹಲ್ಲಿನ ವಿಷಯ, ಸಂಡಿಗೆಯ ವಿಷಯ, ನಾನು ಪೇಪರು ಓದುತ್ತ ಯಾರಿಗೋ ಹೂಂ ಎನ್ನುತ್ತಿದ್ದ ವಿಷಯ, ಕೊತ್ತಂಬರಿ ಬಿಡಿಸುವಾಗ ನಕ್ಕದ್ದು ಅದಕ್ಕೇ ಎಂಬ ವಿಷಯ. ಎದುರುಮನೆಯಿಂದಲೂ ಪದ್ಮಾವತಮ್ಮನ ಧ್ವನಿ ಒಂದೇ ಸಮನೆ ಕೇಳುತ್ತಿತ್ತು. ಸರ್ವಮಂಗಳ ಮಾತಾಡುತ್ತಲೇ ಗಂಟು ಬಿಚ್ಚಿ ಪಾತ್ರೆಗಳನ್ನು ವಾಪಸು ಜೋಡಿಸಿದಳು. ನಾನು ಪೂರ್ತಿ ಕೇಳಿದೆ.

ಈಗ ಎಲ್ಲ ಸರಿಯಾಗಿದೆ. ಮಹಿಳೆಯರಿಬ್ಬರೂ ದಿನವೂ ಕೂಡುತ್ತಾರೆ. ಧರಣೇಂದ್ರಯ್ಯ ಮತ್ತು ನಾನು ಮಾತು ಬಿಟ್ಟಿದ್ದೇವೆ. ಮಾರನೆಯ ದಿನ ನನ್ನ ಟವೆಲ್ ಒಗೆದು ಮಡಿಸಿ ನಮ್ಮ ಗೇಟಿನ ಮೇಲೆ ಇಟ್ಟಿತ್ತು. ಅವರು ಬೇಕೆಂದೇ ಹಾಗೆ ಹೇಳಿದರೋ, ಇದ್ದದ್ದನ್ನು ಹೇಳಿದರೋ ನನಗೆ ಗೊತ್ತಿಲ್ಲ. ಸುಳ್ಳು ಬಾರದ ಮನುಷ್ಯ ನನಗಾಗಿ ಒಂದು ಸುಳ್ಳು ಹೇಳಿರಬೇಕು, ಇಲ್ಲವೇ ನನ್ನ ಧ್ವನಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಮೊನ್ನೆ ಸರ್ವಮಂಗಳ ಎದುರುಮನೆಯಿಂದ ಬಂದವಳೇ, "ರೀ, ಪದ್ಮಾವತಮ್ಮ ನಿಮ್ಮ ವಿಷಯ ಏನೋ ಹೇಳಿದ್ರು, ಅವತ್ತು ಅವರ ಯಜಮಾನರು..." ಎಂದಳು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಅವರು ಹೇಳಿದ್ದು ಸುಳ್ಳೆಂದು ತಿಳಿದರೆ ನನ್ನ ಸಿಟ್ಟು ಹೋಗುತ್ತದೆ. ಸಿಟ್ಟು ಹೋದರೆ ಇವಳ ಮಾತು ಹೋಗುತ್ತದೆ. "ನನ್ನ ಪ್ರಾಣ ಹೋದ್ರೂ ಅದನ್ನ ನನಗೆ ಹೇಳಬೇಡ," ಎಂದೆ. ಅವಳು ನನ್ನನ್ನು ನೋಡಿದಳು, ಮಾತು ಬದಲಿಸಿದಳು.

ಸಂಜೆ ಅವರ ಮನೆಯಲ್ಲಿ ಊಟ ಮುಗಿದ ಹೊತ್ತಿಗೆ ನಾನು ನಮ್ಮ ಗೇಟಿನಲ್ಲಿ ನಿಂತು, ಜೋಡಿಕೆರೆಯ ಬಸ್ಸನ್ನು ಜೋರಾಗಿ ಕೂಗುತ್ತೇನೆ. ಅವರಿಗೆ ತಲೆನೋವು ಬರಲಿ ಎಂದು. ಧರಣೇಂದ್ರಯ್ಯ ಎದ್ದು ಒಳಗೆ ಹೋಗುವುದಿಲ್ಲ. ಕುರ್ಚಿಯನ್ನು ಗೇಟಿನ ಹತ್ತಿರಕ್ಕೆ ಎಳೆದುಕೊಂಡು, ಕಣ್ಣು ಮುಚ್ಚಿ, ಕೊನೆಯ ಊರಿನ ಹೆಸರು ಬರುವವರೆಗೆ ಕೂತಿರುತ್ತಾರೆ. ನನ್ನನ್ನು ಕೆಣಕಲೆಂದೇ ಇರಬೇಕು. ಹಾಗೆಂದೇ ನಂಬಿದ್ದೇನೆ. ಒಳಗಿನಿಂದ ಸರ್ವಮಂಗಳ ಊಟಕ್ಕೆ ಕರೆಯುತ್ತಾಳೆ, ಹೋಗುತ್ತೇನೆ.